ಹಡಗಿದ್ದವರಿಗೆ ಕುರ್ಚಿ

"ಏಳೇ ಮೇಲೆ! ಹಡಗು ನುಂಗಿ ನೀರು ಕುಡಿದೋಳಿಗೆ ಕುರ್ಚಿ ಬೇರೆ ಕೇಡು."

ಮೇಸ್ತ್ರಿ ಕುರ್ಚಿಯ ಬೆನ್ನು ಹಿಡಿದು ಜಗ್ಗಿದ. ನನ್ನ ನಾದಿನಿ ಏಳುವ ಮೊದಲೇ ಕುರ್ಚಿ ಅವಳ ಕೆಳಗಿನಿಂದ ಸರಿದುಹೋಯಿತು. ಮೇಜಿನ ಅಂಚು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಏಳು ತಿಂಗಳ ಬಸುರಿ. ಆಮೇಲೆ ಆ ಕೈ ಹೊಟ್ಟೆಯ ಮೇಲೆ ಹೋಯಿತು, ಇನ್ನೊಂದು ಕೈ ಮಾತ್ರ ಮೌಸ್ ಬಿಡಲಿಲ್ಲ.

"ಸಾರ್, ಹಿಂದಿನಿಂದ ಬಂದು ಹೊಡೆದ್ರು ಸಾರ್. ಅಗೀತಾ ಇದ್ದೆ, ತಿರುಗಿ ನೋಡೋದ್ರೊಳಗೆ..."

"ಇನ್ನೇನು, ಬರ್ತಾ ಇದ್ದೀವಿ ತಾಯೀ ಅಂತ ಕಾಗದ ಬರೆದು ಬರ್ತಾರೇನೇ ಮುಂಡೇದೇ? ಕಣ್ಣು ಎಲ್ಲಿಟ್ಟಿದ್ದೆ?"

ಕುರ್ಚಿಯನ್ನು ಎಳೆದುಕೊಂಡೇ ಹೋಗಿ ಬಾಗಿಲ ಹತ್ತಿರ ಗೋಡೆಗೆ ಒರಗಿಸಿಟ್ಟ. ಅದರ ಒಂದು ಕಾಲು ಸೊಟ್ಟ. ಇಡೀ ಶೆಡ್ಡಿನಲ್ಲಿ ಅದಕ್ಕಿಂತ ಕೆಟ್ಟ ಕುರ್ಚಿ ಇರಲಿಲ್ಲ.

ನಮ್ಮದು ಬಂಡೆ ಅಗೆಯುವ ಕೆಲಸ. ಬಂಡೆ ಇರುವುದು ಆಟದೊಳಗೆ. ಕಂಪ್ಯೂಟರಿನ ಪರದೆಯಲ್ಲಿ ಕಪ್ಪು ಆಕಾಶ, ಅದರಲ್ಲಿ ತೇಲುವ ಬಂಡೆಗಳು, ಬಂಡೆಗಳ ಪಕ್ಕದಲ್ಲಿ ನಮ್ಮ ಸಣ್ಣ ಸಣ್ಣ ಹಡಗುಗಳು. ಬೆಳಿಗ್ಗೆ ಬಂದು ಕೂತರೆ ಬಂಡೆಗೆ ಕಿರಣ ಹಚ್ಚಿ, ಅದಿರು ತುಂಬಿಕೊಂಡು, ನಿಲ್ದಾಣದಲ್ಲಿ ಸುರಿದು, ಮತ್ತೆ ಬಂಡೆಗೆ. ಲೋಕದ ಯಾವ ಯಾವುದೋ ಮೂಲೆಯಲ್ಲಿ ಆ ಆಟ ಆಡುವ ಉಳ್ಳವರಿಗೆ ಅದಿರು ಬೇಕು, ಅಗೆಯುವ ಬೇಸರ ಬೇಡ. ಯಜಮಾನ ಅವರಿಗೆ ಮಾರುತ್ತಾನೆ. ಆ ಆಕಾಶದಲ್ಲಿ ಪೊಲೀಸರಿಲ್ಲ, ಪಂಚಾಯ್ತಿ ಇಲ್ಲ. ಯಾರು ಯಾರನ್ನು ಬೇಕಾದರೂ ಹೊಡೆಯಬಹುದು, ಆಟದ ನಿಯಮವೇ ಅದು. ನಮ್ಮ ಹಡಗುಗಳಿಗೆ ಮಾತ್ರ ಬಂದೂಕು ಕೊಟ್ಟಿರಲಿಲ್ಲ. ಆ ಜಾಗದಲ್ಲಿ ಇನ್ನೊಂದಿಷ್ಟು ಅದಿರು ಹಿಡಿಸುತ್ತದೆಯಂತೆ.

ಶೆಡ್ಡಿಗೂ ಒಂದು ನಿಯಮವಿತ್ತು. ಮೇಸ್ತ್ರಿ ಅದನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದ: ಹಡಗಿದ್ದವರಿಗೆ ಕುರ್ಚಿ. ಹಡಗು ಕಳೆದುಕೊಂಡವರಿಗೆ ಆಟದವರು ಡಬ್ಬಿಯಂಥ ಒಂದು ದೋಣಿಯನ್ನು ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ಅಗೆದು ಅಗೆದು ಹೊಸ ಹಡಗಿಗಾಗುವಷ್ಟು ಅದಿರು ಕೂಡಿಸುವ ತನಕ ನಿಂತೇ ದುಡಿಯಬೇಕು. ಬಿಟ್ಟಿ.

ನಾದಿನಿಯ ಹಡಗು ಸಿಡಿದ ಗಳಿಗೆಯಲ್ಲಿ ಮೇಲಿನ ಮಹಡಿಯಲ್ಲಿ ಯಾರೋ ಧಡಧಡನೆ ಕಾಲು ಬಡಿದಿದ್ದರು. ಸೂರಿನಿಂದ ಸುಣ್ಣ ಉದುರಿ ನನ್ನ ಕೀಬೋರ್ಡಿನ ಮೇಲೆ ಬಿದ್ದಿತ್ತು.

"ಮೇಲೆ ಬಟ್ಟೆ ಹೊಲಿಯೋರು ಇರೋದು ಅಂತೀರಲ್ಲ ಮೇಸ್ತ್ರಿ," ಎಂದ ಕಲ್ಲಣ್ಣ, ಪರದೆಯಿಂದ ಕಣ್ಣು ತೆಗೆಯದೆ. "ಹೊಲಿಯೋರಿಗೆ ಇದ್ದಕ್ಕಿದ್ದ ಹಾಗೆ ಕುಣಿತ ಯಾಕೆ ಬರುತ್ತೆ?"

"ಮಿಷನ್ ತುಳೀತಾರೆ. ನಿನಗ್ಯಾಕೋ ಊರ ಉಸಾಬರಿ? ಬಾಯಿ ಮುಚ್ಕೊಂಡು ಅಗಿ."

ಕಲ್ಲಣ್ಣ ಮೊದಲು ನಿಜವಾದ ಕಲ್ಲುಗಣಿಯಲ್ಲಿದ್ದವನು. ಎಡಗಾಲಿನ ಎರಡು ಬೆರಳು ಅಲ್ಲೇ ಉಳಿದವು. "ಅಲ್ಲಿ ಕಲ್ಲು ಬಿದ್ರೆ ನೋವಾಗ್ತಿತ್ತು. ಇಲ್ಲಿ ಬರೀ ಬೈಗುಳ. ಬಡ್ತಿ ಅಂದ್ರೆ ಇದು," ಎಂದು ನಗುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ನಾದಿನಿಯ ಪಾದ ಚಪ್ಪಲಿಯ ಪಟ್ಟಿಯಿಂದ ಹೊರಗೆ ಉಕ್ಕಿತ್ತು. ಕಸ ಗುಡಿಸುವಾಕೆ ಆ ಸಾಲಿಗೆ ಬಂದಳು. ಎಂದಿನ ಹಾಗೆ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಬಕೆಟ್ಟನ್ನು ಮೇಜಿನ ಕೆಳಗೆ ಬೋರಲು ಹಾಕಿ, ಅದರ ಮೇಲೆ ತನ್ನ ಒಣ ಬಟ್ಟೆಯನ್ನು ಮಡಿಸಿಟ್ಟು, ಮರೆತವಳಂತೆ ಹೋದಳು. ಆಮೇಲೆ ದಿನಾ ಹಾಗೇ ಮಾಡಿದಳು. ಮೇಸ್ತ್ರಿ ಆಚೆ ಹೋದಾಗ ನಾದಿನಿ ಅದರ ಮೇಲೆ ಕೂರುವಳು. ಅವನು ಬಂದರೆ ಕಲ್ಲಣ್ಣ ಕೆಮ್ಮುವನು. ಆ ಕೆಮ್ಮಿಗೆ ಎಷ್ಟು ದಿನ ಆಯಸ್ಸಿರುತ್ತದೆ? ಒಂದು ದಿನ ಮೇಸ್ತ್ರಿ ಹಿಂಬಾಗಿಲಿನಿಂದ ಬಂದ. ಬಕೆಟ್ಟನ್ನು ಒದ್ದ. ಅದು ಉರುಳಿಕೊಂಡು ಎದುರು ಗೋಡೆಯ ತನಕ ಹೋಯಿತು.

"ಕುರ್ಚಿ ಅಂದ್ರೆ ಬರೀ ಕುರ್ಚಿ ಅಲ್ಲ ಕಣ್ರೇ. ಅಂಡು ಊರೋದೆಲ್ಲಾ ಕುರ್ಚಿನೇ."

ಆವತ್ತು ನಾನು ಅವಳಿಗೆ ಹಡಗು ಸಿಗುವ ದಾರಿ ಹುಡುಕಲು ಶುರುಮಾಡಿದೆ.

ಆಟದ ನಿಲ್ದಾಣದಲ್ಲಿ ಗುಂಪು ಕಟ್ಟುವವರು ಕೂಗಿ ಕರೆಯುವ ಒಂದು ಹಲಗೆಯಿದೆ. ಹೊರಗಿನವರ ಜೊತೆ ನಾವು ಮಾತಾಡಕೂಡದು ಎಂದು ಕಟ್ಟಪ್ಪಣೆ. ಆದರೂ ಅದಿರು ಸುರಿಯುವ ಹೊತ್ತಿನಲ್ಲಿ ಅದನ್ನು ಓದುತ್ತಿದ್ದೆ. ಬನ್ನಿ, ಜೊತೆಯಾಗಿ ಅಗೆಯೋಣ. ಕಾವಲು ನಮ್ಮದು, ನಿಶ್ಚಿಂತೆ ನಿಮ್ಮದು. ಅಂಥವು ಸಾಲು ಸಾಲು.

"ಅದನ್ನ ನಂಬಬೇಡ್ರಮ್ಮ," ಎಂದ ಕಲ್ಲಣ್ಣ, ತುಟಿ ಅಲ್ಲಾಡಿಸದೆ. "ನಾನೂ ಒಂದ್ಸಲ ಹೋಗಿದ್ದೆ. ಕಾಯ್ತೀವಿ ಅಂದ್ರು. ಕಾದ್ರು ಪಾಪ. ಹಡಗಿನ ಹೊಟ್ಟೆ ತುಂಬೋ ತನಕ ಕಾದ್ರು. ಆಮೇಲೆ ಹೊಡೆದ್ರು."

"ಹಾಗಾದ್ರೆ ಯಾರನ್ನ ನಂಬೋದು?"

"ಕರೆಯೋರನ್ನ ಬಿಟ್ಟು ನೋಡಿ. ಕರೀದೆ ಇರೋರು ಯಾರಾದ್ರೂ ಇದ್ದಾರಾ ಅಂತ."

ಹಲಗೆಯ ತೀರ ಕೆಳಗೆ, ಕರೆಯಿಲ್ಲದೆ ವಿವರವಿಲ್ಲದೆ, ಬರಿಯ ಒಂದು ಹೆಸರಿತ್ತು: ಮುಯ್ಯಾಳು.

ನಾನು ಅದನ್ನು ದಾಟಿ ಹೋಗಿದ್ದೆ. ಮುಯ್ಯಿ ಎಂದರೆ ಸೇಡು ಎಂದೇ ನನಗೆ ತಿಳಿದದ್ದು. ನಮ್ಮ ಮನೆಯಲ್ಲಿ ಆ ಮಾತು ಬಂದಾಗಲೆಲ್ಲ ಯಾರಾದರೂ ಹಲ್ಲು ಕಡಿಯುತ್ತಿದ್ದರು. ಸೇಡಿನ ಆಳುಗಳ ಸಹವಾಸ ಯಾರಿಗೆ ಬೇಕು? ಆದರೆ ನಾದಿನಿ ನಿಂತು ನಿಂತು ಒಂದು ಸಂಜೆ ಮನೆಗೆ ಹೋಗುವ ಮೆಟ್ಟಿಲು ಹತ್ತಲಾರದೆ ಅಲ್ಲೇ ಕೂತು, "ಅತ್ತಿಗೆ, ನೀವು ಹೋಗಿ ಅನ್ನಕ್ಕಿಡಿ, ನಾನು ಹಾಗೇ ಬರ್ತೀನಿ," ಅಂದಳು. ಮರುದಿನ ನಾನು ಅವರಿಗೆ ಬರೆದೆ: "ನೀವು ಯಾರ ಮೇಲೆ ಮುಯ್ಯಿ ತೀರಿಸಿಕೊಳ್ಳೋರು?"

ಉತ್ತರ ಬರೆದವರ ಹೆಸರು ಕುಲುಮೆ. "ಯಾರ ಮೇಲೂ ಇಲ್ಲ. ಇವತ್ತು ನಿಮ್ಮ ಹೊಲಕ್ಕೆ ನಾನು ಆಳಾಗಿ ಬರ್ತೀನಿ, ನಾಳೆ ನನ್ನ ಹೊಲಕ್ಕೆ ನೀವು. ಕೂಲಿ ಇಲ್ಲ, ಯಜಮಾನನೂ ಇಲ್ಲ. ನಮ್ಮಜ್ಜಿ ಅದಕ್ಕೇ ಮುಯ್ಯಾಳು ಅಂತಿದ್ದಳು. ನಿಮ್ಮಜ್ಜಿ ಏನಂತಿದ್ದಳೋ ಗೊತ್ತಿಲ್ಲ."

"ನಮ್ಮಜ್ಜಿ ಬೈತಿದ್ದಳು," ಎಂದು ಬರೆದೆ.

ನಕ್ಕ ಗುರುತು ಬಂತು. ಆಮೇಲೆ: "ಗೂಢಚಾರರು ನಮಗೂ ತುಂಬ ಸಲ ಬಂದಿದ್ದಾರೆ. ನಿಮ್ಮನ್ನ ಹೇಗೆ ನಂಬೋದು?"

ಕಲ್ಲಣ್ಣನ ಕಡೆ ವಾಲಿ ಕೇಳಿದೆ. ಉತ್ತರ ಅವನಲ್ಲಿತ್ತು. "ಅವರು ಹೇಳಿದ ಜಾಗದಲ್ಲಿ ಒಂದು ಹಿಡಿ ಅದಿರು ಬಿಟ್ಟು ಬಂದುಬಿಡಿ. ನಿಂತು ನೋಡಬೇಡಿ."

ನಾದಿನಿ ನಿಂತೇ ದುಡಿಯುವುದನ್ನು ಕುಲುಮೆಗೆ ಬರೆದು, ನಾನು ಬಿಟ್ಟು ಬಂದೆ. ಮತ್ತೆ ಹೋದಾಗ ಅದಿರು ಇರಲಿಲ್ಲ. ಅದೇ ಜಾಗದಲ್ಲಿ ಕರಗಿಸಿ ಬಡಿದ ತಗಡುಗಳು ತೇಲುತ್ತಿದ್ದವು. ಆಮೇಲೆ ಕಲ್ಲಣ್ಣ ಬಿಟ್ಟ, ಹಿಂದಿನ ಸಾಲಿನವರು ಬಿಟ್ಟರು. ಮುಖ ನೋಡದೆ, ಮಾತಾಡದೆ, ಬೇಲಿಯ ಮೇಲೆ ಪಾತ್ರೆ ಇಟ್ಟು ಹೋಗುವ ನೆರೆಮನೆಯವರ ಹಾಗೆ. ಒಂದು ಬೆಳಿಗ್ಗೆ ಆ ಜಾಗದಲ್ಲಿ ಇಡೀ ಹಡಗೇ ನಿಂತಿತ್ತು. ಕುಲುಮೆ ಬರೆದಿದ್ದರು: "ನಿಂತಿರೋ ಹೆಣ್ಣುಮಗಳಿಗೆ. ಯಾವಾಗಲಾದರೂ ಒಂದು ದಿನ ನಮ್ಮ ಬಂಡೆಗೆ ಬಂದು ಅಗೆದುಕೊಡಲಿ, ಸಾಕು."

ನಾದಿನಿ ಅದನ್ನು ಎರಡು ಸಲ ಓದಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಮೇಸ್ತ್ರಿಯನ್ನು ಕರೆದಳು. "ಸಾರ್, ನನಗೆ ಹಡಗು ಬಂತು. ಕುರ್ಚಿ ಕೊಡಿ."

"ಬಂತಾ? ಯಾವನು ಕೊಟ್ಟ? ಪುಕ್ಕಟೆ ಹಡಗು ಕೊಡೋಕೆ ಅವನೇನು ನಿನ್ನ ಮಿಂಡನಾ?"

ಅವಳನ್ನು ಪಕ್ಕಕ್ಕೆ ತಳ್ಳಿ ಮೇಸ್ತ್ರಿ ಮಾತುಕತೆಯನ್ನೆಲ್ಲ ಓದಿದ. ಓದುತ್ತಾ ಓದುತ್ತಾ ಅವನ ಸಿಟ್ಟು ಇಳಿಯಿತು. ನನಗೆ ಭಯವಾದದ್ದು ಆಗಲೇ.

"ಹಡಗು ಕಟ್ಟಿ ಕೊಡ್ತಾರೆ ಅಂದ್ರೆ ಇವರ ಹತ್ರ ಅದಿರು ಕರಗಿಸೋ ಕುಲುಮೆ ಹಡಗೇ ಇರ್ಬೇಕು. ದೊಡ್ಡದು." ತುಟಿ ಸವರಿಕೊಂಡ. ಅವನ ದನಿ ಮೆತ್ತಗಾಯಿತು. "ನೋಡಮ್ಮ, ನಾನೇನು ಕಟುಕನಲ್ಲ. ನನ್ನ ಹೆಂಡತೀನೂ ಹೆತ್ತೋಳೇ. ಅವರನ್ನ ನಮ್ಮ ಬಂಡೆಗೆ ಕರಿ. ಕುಲುಮೆ ತಗೊಂಡು ಬನ್ನಿ ಅನ್ನು. ನನಗೆ ಗೊತ್ತಿರೋ ಹುಡುಗರು ಬಂಡೆ ಹಿಂದೆ ಇರ್ತಾರೆ, ಮಿಕ್ಕಿದ್ದು ಅವರು ನೋಡ್ಕೋತಾರೆ. ನಿನಗೆ ಕುರ್ಚಿ. ದಿಂಬು ಬೇಕಾದ್ರೂ ಹಾಕಿಸ್ತೀನಿ. ಬರಿ: ಇವತ್ತು ನಮ್ಮ ಬಂಡೆಗೆ ಬನ್ನಿ, ಮುಯ್ಯಿ ತೀರಿಸ್ತೀವಿ." ತಾನು ಹೇಳಿದ್ದು ತನಗೇ ರುಚಿಸಿ ಹೊಟ್ಟೆ ಕುಲುಕಿಸಿ ನಕ್ಕ. "ಮುಯ್ಯಿ ತೀರಿಸ್ತೀವಿ! ಹೇಗೆ?"

ನಾದಿನಿ ಒಂದೊಂದೇ ಅಕ್ಷರ ಒತ್ತಿದಳು. ಅಷ್ಟರಲ್ಲಿ ಫೋನು ಬಂದು ಮೇಸ್ತ್ರಿ ಹೊರಗಿನ ಮೆಟ್ಟಿಲಿಗೆ ಹೋದ. ಕಳಿಸುವ ಗುಂಡಿಯೊಂದು ಬಾಕಿ ಇತ್ತು.

"ಅತ್ತಿಗೆ," ಎಂದಳು. "ಕಾಲು ನನ್ನದೇ ಅಲ್ಲ ಅನ್ನಿಸ್ತಿದೆ."

ಕಳಿಸಿಬಿಡು ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳ ಪಾದವನ್ನು ನೋಡಿದೆ, ಪರದೆಯನ್ನು ನೋಡಿದೆ. ಅವಳು ನನ್ನ ಮಾತಿಗೆ ಕಾಯಲಿಲ್ಲ. ಬರೆದದ್ದನ್ನು ಅಳಿಸಿದಳು. ಹೊಸದಾಗಿ ಬರೆದಳು: "ಬರಬೇಡಿ. ಬಂಡೆ ಹಿಂದೆ ಹೊಂಚು ಹಾಕ್ತಾರೆ. ಮುಯ್ಯಿಗೆ ನಾನೇ ಬರ್ತೀನಿ." ಗುಂಡಿ ಒತ್ತಿದಳು.

ಕಲ್ಲಣ್ಣ ಇದನ್ನೆಲ್ಲ ಓರೆಗಣ್ಣಿನಲ್ಲಿ ನೋಡಿದ್ದ. "ಬರಿಗೈಲಿ ಹೋಗ್ತಾರೇನಮ್ಮ?" ಎಂದ. ತನ್ನ ಹಡಗನ್ನು ಅವಳ ಹಡಗಿನ ಪಕ್ಕಕ್ಕೆ ತಂದು, ಬೆಳಗಿನಿಂದ ಅಗೆದ ಅದಿರನ್ನೆಲ್ಲ ಅದಕ್ಕೆ ಸುರಿದ. ನಾನು ಸುರಿದೆ. ಯಾರೂ ಯಾರಿಗೂ ಹೇಳಲಿಲ್ಲ, ಸಾಲಿನ ಕೊನೆಯ ತನಕ ಎಲ್ಲರೂ ಸುರಿದರು. ತುಂಬಿದ ಹಡಗು ಮೆಲ್ಲನೆ ತಿರುಗಿ, ಮುಯ್ಯಾಳಿನವರ ದಿಕ್ಕಿಗೆ ಹೊರಟು, ಚುಕ್ಕಿಯಾಯಿತು.

ಬಂಡೆಯ ಹಿಂದೆ ಅಷ್ಟರಲ್ಲಿ ಹೊಂಚುಕೋರರ ಹಡಗುಗಳು ಬಂದು ನಿಂತಿದ್ದವು.

"ಪಾಪ, ಅಷ್ಟು ದೂರದಿಂದ ಬಂದಿದ್ದಾರೆ," ಎಂದ ಕಲ್ಲಣ್ಣ. "ಮಾತಾಡಿಸಿಕೊಂಡು ಬರ್ತೀನಿ." ಖಾಲಿ ಹಡಗನ್ನು ನೇರವಾಗಿ ಅವರ ಎದುರಿಗೆ ನುಗ್ಗಿಸಿದ. ಪರದೆಯಲ್ಲಿ ಬೆಂಕಿ ಎದ್ದಿತು. ಅದೇ ಗಳಿಗೆಗೆ ನಮ್ಮ ತಲೆಯ ಮೇಲೆ ಧಡಧಡ ಕಾಲು ಬಡಿಯಿತು, ಸುಣ್ಣ ಉದುರಿತು.

ಕಲ್ಲಣ್ಣ ಸೂರು ನೋಡಿದ. ನಾವೆಲ್ಲರೂ ನೋಡಿದೆವು. ಅವನು ಎದ್ದು ನಿಂತ. "ಹಡಗು ಹೋಯ್ತು," ಎಂದ, ಗೋಡೆಯ ಮೇಲಿನ ಕೆಂಪು ಅಕ್ಷರಕ್ಕೆ ಹೇಳುವವನಂತೆ.

ನಾನು ಹೋದೆ. ಧಡಧಡ. ಎದ್ದು ನಿಂತೆ. ಹಿಂದಿನ ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರು. ಪ್ರತಿ ಸಲವೂ ಮೇಲೆ ಕುಣಿತ, ಕೆಳಗೆ ಕುರ್ಚಿ ಸರಿಯುವ ಸದ್ದು.

ಮೇಸ್ತ್ರಿ ಓಡಿ ಬಂದ. ಪರದೆಗಳನ್ನು ನೋಡಿದ, ನಿಂತವರನ್ನು ನೋಡಿದ, ಎಲ್ಲ ಬಿಟ್ಟು ಮಹಡಿಯ ಮೆಟ್ಟಿಲ ಬುಡಕ್ಕೆ ಓಡಿ ಗಂಟಲು ಹರಿಯುವ ಹಾಗೆ ಕಿರುಚಿದ:

"ಹೊಡೀಬೇಡ್ರೋ! ನಮ್ಮವೇ ಕಣ್ರೋ! ನಮ್ಮವೇ!"

ಮೇಲಿನವರ ಕಿವಿಗೆ ಹೆಡ್‌ಫೋನ್ ಇದ್ದಿರಬೇಕು. ಕುಣಿತ ನಿಲ್ಲಲಿಲ್ಲ. ಅವನು ತಿರುಗಿ ನೋಡಿದಾಗ ನಾವೆಲ್ಲ ಅವನನ್ನೇ ನೋಡುತ್ತಿದ್ದೆವು.

"ಬಟ್ಟೆ ಚೆನ್ನಾಗಿ ಹೊಲೀತಾರೆ," ಎಂದ ಕಲ್ಲಣ್ಣ.

ನಾದಿನಿ ಗೋಡೆಯ ತನಕ ನಡೆದಳು. ಸೊಟ್ಟ ಕಾಲಿನ ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಬಂದಳು. ಕಸ ಗುಡಿಸುವಾಕೆ ಬಕೆಟ್ ಕೆಳಗಿಟ್ಟು, ಈ ಸಲ ಅವಳ ಮುಖ ನೋಡಿ, ಕುರ್ಚಿಯ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಮೇಜಿನ ಮುಂದೆ ಇಟ್ಟರು. ನಾದಿನಿ ಕೂತಳು.

"ಏಳೇ! ಯಾರೇ ಕೂತ್ಕೋ ಅಂದಿದ್ದು?"

"ನನ್ನ ಹಡಗು ಇದೆ ಸಾರ್." ಕಾಲು ಮುಂದೆ ಚಾಚಿದಳು. "ಇಡೀ ಶೆಡ್ಡಿನಲ್ಲಿ ನಂದೊಂದೇ ಇರೋದು. ನೀವೇ ಬರೆಸಿದ್ದೀರಲ್ಲ, ಓದಿ."

ಮೇಸ್ತ್ರಿ ಕುರ್ಚಿಯ ಬೆನ್ನಿಗೆ ಕೈ ಹಾಕಿ ಜಗ್ಗಿದ. ಕಲ್ಲಣ್ಣ ಕುರ್ಚಿಯ ಒಂದು ತೋಳು ಹಿಡಿದಿದ್ದ, ಇನ್ನೊಂದನ್ನು ನಾನು. ಹಿಂದಿನ ಸಾಲಿನವರ ಕೈಗಳು ಎಲ್ಲಿಂದೆಲ್ಲಿಂದಲೋ ಬಂದು ಕುರ್ಚಿಯ ಕಾಲು, ಅಂಚು, ಸಿಕ್ಕಿದ್ದನ್ನು ಹಿಡಿದವು. ಅವನು ಎರಡು ಕೈಯಲ್ಲೂ ಜಗ್ಗಿದ. ಸುಣ್ಣ ಉದುರುತ್ತಲೇ ಇತ್ತು, ಅವಳ ಕೂದಲ ಮೇಲೆ, ನಮ್ಮ ಕೈಗಳ ಮೇಲೆ, ಅವನ ಹೆಗಲ ಮೇಲೆ.

ಕುರ್ಚಿ ಅಲುಗಲಿಲ್ಲ.