ಬಂಗೇಯ ಪಡಖಾನೆಯ ರಾಜ ರಾಣಿ

ನಮ್ಮ ಬಂಗೇ ಊರು ಬೆಂಕಿಗೆ ಸಿಕ್ಕಿ ಸುಟ್ಟುಹೋದಾಗ ಬಿಯರ್ ಮಾಡಿ ಮಾರುವ ಆಂಬ್ರೋಸ್ ಟಟಲ್‌ನ ಪಡಖಾನೆಯೂ ಬೂದಿಯಾಗಿತ್ತು. ಅವನೂ ಅವನ ಹೆಂಡತಿ ಥಾಮಸಿನ್ನಳೂ ಅದನ್ನು ಮತ್ತೆ ಕಟ್ಟಿ ನಿಲ್ಲಿಸುವ ಹೊತ್ತಿಗೆ ಇಂಗ್ಲೆಂಡಿಗೆ ಹೊಸ ರಾಜ, ಹೊಸ ರಾಣಿ ಬಂದಿದ್ದರು. ವಿಲಿಯಂ ಮತ್ತು ಮೇರಿ. ಗಂಡ ಹೆಂಡತಿ ಒಟ್ಟಿಗೇ ಪಟ್ಟಕ್ಕೇರಿದವರು. ಪಡಖಾನೆಗೆ ಅವರ ಹೆಸರನ್ನೇ ಇಡುವುದೆಂದಾಯಿತು. ಬಾಗಿಲ ಮೇಲೆ ತೂಗುಹಾಕಲು ಅವರಿಬ್ಬರ ಚಿತ್ರದ ಫಲಕ ಬರೆಯಲು ಬಣ್ಣಗಾರ ಜೇಬಸ್ ಕ್ರಿಕ್ ಬಂದ.

ಜೇಬಸ್ ರಾಜನನ್ನಾಗಲಿ ರಾಣಿಯನ್ನಾಗಲಿ ಕಂಡವನಲ್ಲ. ಅವನ ಹತ್ತಿರ ಇದ್ದದ್ದು ಒಂದು ಹೊಸ ಬೆಳ್ಳಿ ನಾಣ್ಯ. ಅದರಲ್ಲಿ ಇಬ್ಬರೂ ಒಂದೇ ಕಡೆಗೆ ಮುಖ ಮಾಡಿದ್ದರು. ಮುಂದೆ ರಾಜ, ಅವನ ಮರೆಯಿಂದ ಇಣುಕುವ ರಾಣಿ.

"ಇದೇನಪ್ಪ, ಪಾಪ, ಅವಳ ಮೂಗು ಗಲ್ಲ ಬಿಟ್ರೆ ಬೇರೇನೂ ಕಾಣ್ತಿಲ್ಲ," ಎಂದಳು ಥಾಮಸಿನ್. "ಇಲ್ಲಿ ಬಾರ್ಲಿ ನೆನೆಸೋದ್ರಿಂದ ಹಿಡಿದು ಪೀಪಾಯಿ ತುಂಬೋ ತನಕ ಎಲ್ಲಾ ನಂದೇ ಕೆಲಸ. ರಾಣೀನ ಮುಂದೆ ಹಾಕು."

"ನಾಣ್ಯದಲ್ಲಿ ಹೆಂಗಿದ್ಯೋ ಹಂಗೇ ಅಕ್ಕ. ಹಿಂದುಮುಂದು ಮಾಡಿದ್ರೆ ನನ್ನ ತಲೆ ಹೋಗುತ್ತೆ."

ಬೆಳ್ಳಿಯ ಮುಖ ನೋಡಿ ಬಣ್ಣ ಹಚ್ಚುವುದು ಹೇಗೆ? ಜೇಬಸ್ ಗಂಡ ಹೆಂಡತಿಯನ್ನೇ ಕಿಟಕಿಯ ಬಳಿ ಕೂರಿಸಿಕೊಂಡು ಬರೆದ. ಫಲಕ ಮೇಲೇರಿದಾಗ ರಾಜನಿಗೆ ಆಂಬ್ರೋಸನ ಕೆಂಪು ಮೂಗಿತ್ತು, ರಾಣಿಗೆ ಥಾಮಸಿನ್ನಳ ದುಂಡು ಗಲ್ಲವಿತ್ತು. ಸಂತೆಗೆ ಬಂದವರು ಅದರ ಕೆಳಗೆ ಟೋಪಿ ತೆಗೆದು ಬಗ್ಗುತ್ತಿದ್ದರು.

"ಮಹಾರಾಣಿಯವರೇ, ಇನ್ನೊಂದು ಬಿಯರ್."

"ಮೊದ್ಲು ಬೂಟಿನ ಕೆಸರು ಒರೆಸ್ಕೊಂಡು ಬಾ, ನಮ್ಮ ಪ್ರಜೆ."

ಹೀಗೆ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಕ್ರಿಸ್ಮಸ್ ಮುಗಿದ ಬೆನ್ನಿಗೇ ಲಂಡನ್ನಿನಲ್ಲಿ ರಾಣಿ ಸಿಡುಬಿನಿಂದ ತೀರಿಕೊಂಡಳು. ಅದೇ ಚಳಿಗಾಲದಲ್ಲಿ ಸಿಡುಬು ನಮ್ಮೂರಿಗೂ ಬಂತು, ಥಾಮಸಿನ್ ಹಾಸಿಗೆ ಹಿಡಿದಳು. ಚಿಕ್ಕಂದಿನಲ್ಲೇ ಸಿಡುಬು ಕಂಡಿದ್ದ ಆಂಬ್ರೋಸ್ ಬೇರೆ ಯಾರನ್ನೂ ಹತ್ತಿರ ಬಿಡದೆ ತಾನೇ ಆರೈಕೆ ಮಾಡಿದ. ಅವಳು ಉಳಿದಳು. ಆದರೆ ಮುಖದ ತುಂಬ ಕುಳಿ ಬಿದ್ದಿತ್ತು. ಅಂದಿನಿಂದ ಅವಳು ಹಿತ್ತಲಲ್ಲಿ ಬಿಯರ್ ಮಾಡುವ ಕೊಟ್ಟಿಗೆ ಬಿಟ್ಟು ಜನರೆದುರು ಬರಲೇ ಇಲ್ಲ.

ಮುಂದೆ ಬಂದ ಹೊಸ ನಾಣ್ಯಗಳಲ್ಲಿ ರಾಜ ಒಬ್ಬನೇ ಇದ್ದ. "ಇನ್ನೂ ಯಾಕೋ ಆ ರಾಣೀನ ತೂಗುಹಾಕಿದ್ದೀಯ?" ಎಂದು ಗಿರಾಕಿಗಳು ಕೇಳಿದರೆ ಆಂಬ್ರೋಸ್ ಅವರ ಲೋಟಕ್ಕೆ ಬಿಯರ್ ಸುರಿಯುತ್ತಿದ್ದ. ಕೊನೆಗೆ ಒಂದು ದಿನ ಊಟದ ಹೊತ್ತಿಗೆ ಥಾಮಸಿನ್ನಳೇ ಅಂದಳು: "ಅಳಿಸಿಹಾಕ್ಸು. ಆ ಮುಖ ಈಗ ಎಲ್ಲೂ ಇಲ್ಲ."

ಅವನು ಜೇಬಸ್‌ಗೆ ಹೇಳಿಕಳಿಸಿದ. ಅಂಗಳದಲ್ಲಿ ಫಲಕ ಕೆರೆಯುವ ಸದ್ದು ಕೊಟ್ಟಿಗೆಗೆ ಕೇಳಿಸಿತು. ತಾನೇ ಹೇಳಿದ ಮಾತಾದರೂ ಥಾಮಸಿನ್ನಳಿಗೆ ಒಳಗೆ ನಿಲ್ಲಲಾಗಲಿಲ್ಲ. ಕೈಯಲ್ಲಿದ್ದ ಸೌಟು ಬಿಟ್ಟು ಹೊರಗೆ ಬಂದಳು.

ರಾಣಿ ಹಾಗೇ ಇದ್ದಳು. ರಾಜನ ಮೂಗು ಅರ್ಧ ಹೋಗಿತ್ತು.

"ಇದೇನ್ ಮಾಡ್ತಿದ್ದೀರೋ?"

"ಒಬ್ಬರನ್ನ ಅಳಿಸ್ಲೇಬೇಕು ಅಂದ್ರೆ ನನ್ನನ್ನ ಅಳಿಸ್ಲಿ," ಎಂದ ಆಂಬ್ರೋಸ್ ನೆಲ ನೋಡುತ್ತ. "ಜನ ಬರೋದು ನಿನ್ನ ಬಿಯರಿಗೆ. ನನ್ನ ಮೂಗು ನೋಡೋಕಲ್ಲ."

"ನಾ ಬೇಡ ಅಂದೆ ಅಕ್ಕ," ಎಂದ ಜೇಬಸ್. "ಬದುಕಿರೋ ರಾಜನ್ನ ಕೆರೆದು ಹಾಕಿದ್ರೆ ನಮ್ಮಿಬ್ಬರನ್ನೂ ನೇಣಿಗೆ ಹಾಕ್ತಾರೆ ಅಂದೆ. ಕೇಳ್ಬೇಕಲ್ಲ ಇವ್ನು."

ಥಾಮಸಿನ್ ನಗಲು ಶುರುಮಾಡಿದಳು. ನಕ್ಕು ನಕ್ಕು ಪೀಪಾಯಿಯ ಮೇಲೆ ಕುಸಿದು ಕೂತಳು, ಆಮೇಲೆ ಅತ್ತಳು. ಆಂಬ್ರೋಸ್ ಪಕ್ಕದಲ್ಲಿ ಬಂದು ನಿಂತ.

"ಎಂಥ ದಡ್ಡನೋ ನೀನು," ಎಂದಳು ಕಣ್ಣೊರೆಸಿಕೊಳ್ಳುತ್ತ. "ಜೇಬಸ್, ರಾಜನಿಗೆ ಮೂಗು ಕೊಡಪ್ಪ. ಇಬ್ರೂ ಇರ್ಲಿ."

ಮುಂದಿನ ಸಂತೆಯ ದಿನ ಅವಳೇ ಹೂಜಿ ಹಿಡಿದು ಪಡಖಾನೆಯೊಳಗೆ ಬಂದಳು. ಗಿರಾಕಿಗಳು ತಮ್ಮ ಲೋಟಗಳೊಳಗೆ ಕಣ್ಣು ನೆಟ್ಟರು. ಗಾಡಿ ಹೊಡೆಯುವ ನಥಾನಿಯಲ್ ಅವಳ ಮುಖವನ್ನೇ ನೇರವಾಗಿ ನೋಡಿ ಲೋಟ ಮುಂದೆ ಚಾಚಿದ.

"ಸದ್ಯ, ಬಂದ್ಯಲ್ಲ ತಾಯಿ. ನಿನ್ನ ಗಂಡ ಸುರಿದುಕೊಟ್ರೆ ಬರೀ ನೊರೆ."

ಎಲ್ಲರೂ ನಕ್ಕರು. ಥಾಮಸಿನ್ ಅವನ ಲೋಟವನ್ನು ಅಂಚಿನವರೆಗೂ ತುಂಬಿ, ಮುಂದಿನ ಮೇಜಿಗೆ ಹೋದಳು.