ಎದ್ದು ನಿಲ್ಲಬೇಡ

ಮಗಳು ಚರ್ಚಿನ ಬೆಂಚುಗಳ ಮೇಲಿಂದ ಹಾಳೆಗಳನ್ನು ಬಾಚಿಕೊಳ್ಳುತ್ತಿದ್ದಳು. ಎಡಗಡೆಯ ಸಾಲುಗಳೆಲ್ಲ ಮುಗಿದಿದ್ದವು. ಬಲಗಡೆ ಆಗಲೇ ಕೆಲವರು ಬಂದು ಕೂತಿದ್ದರು. ಅವರ ಕೈಯಿಂದಲೂ ಕಿತ್ತುಕೊಂಡಳು. ಎದೆಗವಚಿಕೊಂಡಿದ್ದ ಕಟ್ಟು ಜಾರುತ್ತಿತ್ತು. ಅದನ್ನು ಗಲ್ಲದಿಂದ ಒತ್ತಿ ಹಿಡಿದು ಮುಂದಿನ ಸಾಲಿಗೆ ಹೋದಳು.

"ಏನಮ್ಮಾ ಇದು? ಏನ್ ಮಾಡ್ತಿದೀಯ?" ಚರ್ಚಿನ ಕಾರ್ಯದರ್ಶಿ ಬಾಗಿಲಿನಿಂದ ದಾಪುಗಾಲು ಹಾಕುತ್ತ ಬಂದರು. "ಹಾಡುಗಳೆಲ್ಲ ಅದ್ರಲ್ಲೇ ಇರೋದು. ಜನ ಏನ್ ನೋಡ್ಕೊಂಡು ಹಾಡ್ಬೇಕು?"

"ಬಾಯಿಪಾಠ ಇರೋರು ಹಾಡ್ಲಿ. ಇಲ್ದೇ ಇರೋರು ಸುಮ್ನಿರ್ಲಿ."

"ನಿಮ್ಮಪ್ಪನ ಗೌರವಕ್ಕೆ ಅಂತ ಮಾಡಿಸಿದ್ದು ಕಣಮ್ಮಾ. ಎರಡು ದಿನ ಕೂತು ಮಾಡಿಸಿದೀವಿ."

"ಹಿಂದಿನ ಪುಟಕ್ಕೆ ಯಾವ ಫೋಟೋ ಹಾಕಿದೀರಿ, ನೋಡಿದ್ರಾ?"

ಕಾರ್ಯದರ್ಶಿ ಒಂದು ಹಾಳೆಯನ್ನು ತಿರುಗಿಸಿ ನೋಡಿದರು. ಎದೆಮಟ್ಟದ ನೀರಿನ ತೊಟ್ಟಿ. ನೀರಿನಲ್ಲಿ ಬಿಳಿ ಅಂಗಿ ತೊಟ್ಟ ಪಾಸ್ಟರ್. ಅವರ ತೋಳಿನಲ್ಲಿ ಕಣ್ಣು ಮುಚ್ಚಿ, ಮುಖವೆಲ್ಲ ನೀರು ಸುರಿಸಿಕೊಂಡು ಮೇಲೇಳುತ್ತಿರುವ ಒಬ್ಬ ವಿದೇಶಿ ಹುಡುಗ. ತೊಟ್ಟಿಯ ಅಂಚಿನಲ್ಲಿ ಟವೆಲ್ ಹಿಡಿದು ನಿಂತ ಅವಳ ಅಪ್ಪ. ಕೆಳಗೆ ದಪ್ಪ ಅಕ್ಷರದಲ್ಲಿ: ನಲವತ್ತು ದೇಶಗಳಿಗೆ ಸ್ನೇಹಹಸ್ತ, ಹತ್ತೊಂಬತ್ತು ಆತ್ಮಗಳ ಕೊಯ್ಲು.

"ಒಳ್ಳೇ ಫೋಟೋನೇ ಅಲ್ವಾ? ನಿಮ್ಮಪ್ಪ ಎಷ್ಟು ಚೆನ್ನಾಗಿ ನಗ್ತಿದಾರೆ," ಎಂದರು ಅವರು, ನಿಜಕ್ಕೂ ಅರ್ಥವಾಗದವರಂತೆ.

ಅವಳಿಗೆ ಆ ಕಟ್ಟನ್ನು ಅವರ ಮುಖಕ್ಕೇ ಎಸೆಯಬೇಕೆನಿಸಿತು. ಎದುರಿಗೆ ಶವಪೆಟ್ಟಿಗೆಯಲ್ಲಿ ಅಪ್ಪ ಬಸ್ ಡಿಪೋದ ಯೂನಿಫಾರ್ಮಿನಲ್ಲಿ ಮಲಗಿದ್ದ. ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದ ಸೋದರತ್ತೆ, ಅಪ್ಪನ ಒಬ್ಬಳೇ ಅಕ್ಕ, ಅದೇ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಅತ್ತೆ, ಅದನ್ನ ಕೊಡಿ ಇಲ್ಲಿ."

"ಸೆಕೆ ಕಣೇ. ಒಂದಾದ್ರೂ ಬಿಡೇ ಪುಣ್ಯಾತ್ಗಿತ್ತಿ."

"ಕೊಡಿ ಅಂದೆ."

ಅತ್ತೆ ಹಾಳೆ ಕೊಟ್ಟು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. "ಅಪ್ಪನ ಹಾಗೆ ಸಿಟ್ಟು ಬರೋಕೆ ಅಪ್ಪ ಸಾಯ್ಬೇಕಿತ್ತೇನೋ ಇವಳಿಗೆ," ಎಂದು ಪಕ್ಕದವರಿಗೆ ಹೇಳಿದಳು.

*

ಅಪ್ಪ ಇಪ್ಪತ್ತೆಂಟು ವರ್ಷ ಏರ್‌ಪೋರ್ಟಿನಿಂದ ಊರೊಳಗೆ ಬರುವ ಬಸ್ಸು ಓಡಿಸಿದವನು. ಪ್ರತಿವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ತಮಗಿಂತ ದೊಡ್ಡ ಪೆಟ್ಟಿಗೆಗಳನ್ನು ಎಳೆದುಕೊಂಡು, ಕೈಯಲ್ಲೊಂದು ವಿಳಾಸದ ಚೀಟಿ ಹಿಡಿದು, ಯಾರ್ಯಾರೋ ಅವನ ಬಸ್ಸು ಹತ್ತುತ್ತಿದ್ದರು. ಕೆಲವರಿಗೆ ಎಲ್ಲಿ ಇಳಿಯಬೇಕೆಂದೇ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಸಂಜೆ ಒಬ್ಬ ಹುಡುಗಿ ಡಿಪೋ ಬಂದರೂ ಇಳಿಯದೆ ಹಿಂದಿನ ಸೀಟಿನಲ್ಲಿ ಅಳುತ್ತ ಕೂತಿದ್ದಳು. ಹಾಸ್ಟೆಲ್ಲಿಗೆ ಬೀಗ, ತೆಗೆಯುವುದು ಸೋಮವಾರ. ಅಪ್ಪ ಅವಳನ್ನು ಮನೆಗೆ ಕರೆದುಕೊಂಡು ಬಂದ.

ಮಗಳಿಗೆ ಆಗ ಹದಿಮೂರು ವರ್ಷ. ಅಮ್ಮ ತೀರಿಹೋಗಿ ಐದು ತಿಂಗಳಾಗಿತ್ತು.

"ಇವತ್ತೊಂದು ದಿನ ನಿನ್ನ ರೂಮು ಬಿಟ್ಕೊಡ್ತೀಯಾ ಮಗಳೇ?"

ಆ ಒಂದು ದಿನ ಹನ್ನೊಂದು ವರ್ಷ ನಡೆಯಿತು. ಒಬ್ಬರು ಹೋದರೆ ಇನ್ನೊಬ್ಬರು. ಅವಳು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಪರೀಕ್ಷೆಗೆ ಓದಿದಳು. "ಅಮ್ಮ ಇಲ್ಲ ಅಂತ ಊರೋರನ್ನೆಲ್ಲ ತುಂಬಿಸ್ಕೊಂಡಿದೀಯ. ನಾನಿರೋದು ನಿಂಗೆ ಕಾಣ್ಸಲ್ವಾ?" ಎಂದು ಒಮ್ಮೆ ಕೂಗಿದ್ದಳು. ಮರುದಿನ ಅಪ್ಪ ಅವಳಿಗೊಂದು ಮಂಚ ತಂದ. ಅದನ್ನೂ ಅಡುಗೆಮನೆಗೇ ಹಾಕಿದ.

ಭಾನುವಾರ ಚರ್ಚಿಗೆ ಬರುತ್ತೇನೆ ಅಂದವರನ್ನು ಕರೆದೊಯ್ಯುತ್ತಿದ್ದ. ಬರುವುದಿಲ್ಲ ಅಂದವರು ಮನೆಯಲ್ಲಿ ಕೂತು ಮಧ್ಯಾಹ್ನದ ಅಡುಗೆಗೆ ತರಕಾರಿ ಹೆಚ್ಚುತ್ತಿದ್ದರು. ಕೇಳಿದವರಿಗೆ ಯೇಸುವಿನ ವಿಷಯ ಹೇಳುತ್ತಿದ್ದ, ತನ್ನದೇ ಡಿಪೋದಲ್ಲಿ ಕೆಲಸ ಮಾಡುವ ಒಬ್ಬ ಒಳ್ಳೆಯ ಮನುಷ್ಯನ ವಿಷಯ ಹೇಳುವಂತೆ. ಕೇಳದವರಿಗೆ ಹಲ್ಲುನೋವು ಹೇಗಿದೆ ಎಂದು ವಿಚಾರಿಸುತ್ತಿದ್ದ.

ಇದು ಚರ್ಚಿನವರ ಕಣ್ಣಿಗೆ ಬಿತ್ತು. ಅದಕ್ಕೊಂದು ಹೆಸರಿಟ್ಟರು, ಸಮಿತಿ ಮಾಡಿದರು, ಅಪ್ಪನ ಕೈಗೆ ತಿಂಗಳ ವರದಿಯ ಫಾರಂ ಕೊಟ್ಟರು. ಎಷ್ಟು ಜನರಿಗೆ ಸುವಾರ್ತೆ ತಿಳಿಸಿದಿರಿ? ಎಷ್ಟು ಜನ ಒಪ್ಪಿಕೊಂಡರು? ಅಪ್ಪ ಕನ್ನಡಕ ಹಾಕಿಕೊಂಡು ದುಂಡಗೆ ಬರೆಯುತ್ತಿದ್ದ: "ಒಬ್ಬನಿಗೆ ಕೆಮ್ಮು. ಕಷಾಯ ಕೊಟ್ಟಿದೆ. ಒಬ್ಬಳಿಗೆ ಲೆಕ್ಕದ ಪರೀಕ್ಷೆ ಹೋಯಿತು. ತುಂಬ ಅತ್ತಳು."

*

ಪಾಸ್ಟರ್ ಬರುವ ಹೊತ್ತಿಗೆ ಮೂರು ಸ್ವೆಟರ್ ಒಳಗೆ ಬಂದ. ಆ ಅಡ್ಡಹೆಸರಿಟ್ಟವಳು ಮಗಳೇ. ಸಾಮಾನಿನ ತೂಕ ಮಿತಿ ದಾಟುತ್ತದೆಂದು ಮೂರು ಸ್ವೆಟರನ್ನೂ ಒಂದರ ಮೇಲೊಂದು ತೊಟ್ಟು, ಬೆವರಿನಲ್ಲಿ ತೊಯ್ದು ವಿಮಾನ ಇಳಿದು ಅಪ್ಪನ ಬಸ್ಸು ಹತ್ತಿದವನು. ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಡ್ಯೂಟಿಯಿಂದ ನೇರ ಬಂದಿದ್ದ; ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಪೆಟ್ಟಿಗೆಯ ಎದುರು ಸ್ವಲ್ಪ ಹೊತ್ತು ನಿಂತು ಅವಳ ಪಕ್ಕಕ್ಕೆ ಬಂದ. ಅವಳು ಹಾಳೆಗಳ ಕಟ್ಟನ್ನು ಬೆನ್ನ ಹಿಂದೆ ಹಿಡಿದಳು.

"ನೋಡ್ದೆ ಅಕ್ಕ. ಗೇಟ್ ಹತ್ರಾನೇ ಒಬ್ರು ಕೈಗೆ ಕೊಟ್ರು. 'ಇದು ನೀವೇ ಅಲ್ವಾ?' ಅಂತಾನೂ ಕೇಳಿದ್ರು."

"ಹರಿದು ಹಾಕ್ತೀನಿ. ಎಲ್ಲಾನೂ."

"ಎಷ್ಟು ಅಂತ ಹರೀತೀಯ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಗೇಟಿಗೆ ಹೋಗಿ ಅಲ್ಲಿ ಹಂಚುತ್ತಿದ್ದ ಹಾಳೆಗಳನ್ನೂ ಕಿತ್ತುಕೊಂಡು ಬಂದಳು.

*

ತೊಟ್ಟಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಬೇಕೆಂದು ಕೇಳಿದವನು ಅವನೇ. ಒಂದೂವರೆ ವರ್ಷ ಅಪ್ಪನ ತಲೆ ತಿಂದು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಕೊನೆಗೆ ತಾನೇ ಬಾಯಿಬಿಟ್ಟ. ಒಂದೇ ಮಾತು ನಡೆಸಿಕೊಡಬೇಕೆಂದ: "ಮನೆಗೆ ನಾನೇ ಹೇಳ್ಬೇಕು. ರಜೆಗೆ ಹೋದಾಗ ನಮ್ಮಪ್ಪನ ಎದುರು ಕೂತು ಹೇಳ್ಬೇಕು. ಅಲ್ಲಿವರ್ಗೂ ಯಾರಿಗೂ ಗೊತ್ತಾಗೋದು ಬೇಡ." ಪಾಸ್ಟರ್ ಅವನ ತಲೆಯ ಮೇಲೆ ಕೈಯಿಟ್ಟು ಆಗಲಿ ಎಂದಿದ್ದರು.

ದೀಕ್ಷಾಸ್ನಾನವಾದ ಮೂರು ವಾರಕ್ಕೆ ಚರ್ಚಿನ ಪತ್ರಿಕೆ ಬಂತು. ಫೋಟೋ, ಹೆಸರು, ಊರು, ಓದುತ್ತಿದ್ದ ಕಾಲೇಜು, ಎಲ್ಲವೂ ಇತ್ತು. ಚರ್ಚಿನ ವೆಬ್‌ಸೈಟಿನಲ್ಲೂ ಹಾಕಿದರು. ಒಂಬತ್ತನೆಯ ದಿನ ಅವನ ಮನೆಯಿಂದ ಫೋನು ಬಂತು. ಅವರಪ್ಪ ಆಡಿದ್ದು ಒಂದೇ ಮಾತು: "ನನಗಿರೋದು ಇಬ್ಬರೇ ಗಂಡುಮಕ್ಕಳು." ಮೂರನೆಯ ಮಗ ಫೋನು ಕಿವಿಗಿಟ್ಟುಕೊಂಡು ಹಾಗೇ ನಿಂತಿದ್ದ, ಆ ಕಡೆ ಇಟ್ಟುಬಿಟ್ಟ ಮೇಲೂ.

ಅಪ್ಪ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಯೂನಿಫಾರ್ಮಿನಲ್ಲೇ ಪಾಸ್ಟರ್ ಆಫೀಸಿಗೆ ಹೋದ. ಮಗಳೂ ಹಿಂದೆ ಹೋದಳು. ಅಪ್ಪ ದನಿ ಎತ್ತಿದ್ದನ್ನು ಅವಳು ಅವತ್ತೇ ಮೊದಲು ಕೇಳಿದ್ದು.

"ಮಾತು ಕೊಟ್ಟಿದ್ರಿ ನೀವು!"

"ಒಳ್ಳೇ ಸುದ್ದಿನ ಎಷ್ಟು ದಿನ ಅಂತ ಮುಚ್ಚಿಡೋಕಾಗುತ್ತೆ ಹೇಳಿ? ಓದಿ ಎಷ್ಟು ಜನಕ್ಕೆ ಧೈರ್ಯ ಬಂದಿದೆ ಗೊತ್ತಾ?"

"ಅದು ನಿಮ್ಮ ಸುದ್ದಿ ಅಲ್ಲ ಪಾಸ್ಟರ್. ಅವನ ಸುದ್ದಿ."

"ಕ್ರಿಸ್ತನಿಗೋಸ್ಕರ ಕಷ್ಟ ಸಹಿಸೋದೂ ಒಂದು ಭಾಗ್ಯ ಅಲ್ವಾ?"

"ಸಹಿಸೋದು ಅವನು, ಭಾಗ್ಯ ನಿಮಗಾ?" ಅಪ್ಪ ಮೇಜಿಗೆ ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿತು. "ನಂಬಿಕೆ ಇಟ್ಟು ಮನೆಗೆ ಬಂದ ಮಗೂನ ನಾನು ನಿಮ್ಮ ಕೈಗೆ ಕೊಟ್ಟೆ. ನೀವು ಅವನನ್ನ ಬೀದಿಗೆ ಹಾಕಿದ್ರಿ."

ಮರು ತಿಂಗಳು ಸಮಿತಿಯಿಂದ ಕಾಗದ ಬಂತು. ವಯಸ್ಸಿನ ದೃಷ್ಟಿಯಿಂದ ತಾವು ಇನ್ನು ವಿಶ್ರಾಂತಿ ಪಡೆಯಬೇಕು. ಅಪ್ಪನಿಗೆ ಆಗ ಐವತ್ತಾರು. ವಿದ್ಯಾರ್ಥಿಗಳಿಗೆ ಇನ್ನು ಮುಂದೆ ಚರ್ಚಿನ ಸಭಾಂಗಣದಲ್ಲೇ ಊಟವೆಂದು ಹೇಳಿ ಕಳಿಸಿದರು. ಮಗಳು ಚರ್ಚಿಗೆ ಹೋಗುವುದನ್ನೇ ಬಿಟ್ಟಳು. ಅಪ್ಪ ಬಿಡಲಿಲ್ಲ. ಆರು ವರ್ಷ ಕೊನೆಯ ಬೆಂಚಿನಲ್ಲಿ ಕೂತ.

"ಇನ್ನೂ ಯಾಕಪ್ಪ ಹೋಗ್ತೀಯ ಅಲ್ಲಿಗೆ? ಮಾನ ಮರ್ಯಾದೆ ಬೇಡ್ವಾ?"

"ಯಾಕೆ? ಅದೇನು ಪಾಸ್ಟರ್ ಅಪ್ಪನ ಮನೇನಾ?"

ಎರಡು ವರ್ಷದ ಹಿಂದೆ ಮೂರು ಸ್ವೆಟರ್‌ನ ತಂದೆ ತೀರಿಕೊಂಡರು. ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ ಒಬ್ಬ ದಾಯಾದಿ ಮೊಬೈಲಿಗೆ ಎರಡು ಸಾಲು ಕಳಿಸಿದ. ಮೂರು ಸ್ವೆಟರ್ ಬೆಳಿಗ್ಗೆಯೇ ಇವರ ಮನೆಗೆ ಬಂದು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ. ಅಪ್ಪ ರಜಾ ಹೇಳಿ ಅವನ ಎದುರಿಗೆ ನೆಲದಲ್ಲೇ ಕೂತ. ಮಂಡಿನೋವಿನ ಕಾಲು ಮಡಚಲಾಗದೆ ಚಾಚಿಕೊಂಡಿದ್ದ.

"ಪ್ರಾರ್ಥನೆ ಮಾಡ್ಲಾ?"

"ಬೇಡ ಅಂಕಲ್."

"ಸರಿ."

ಅಪ್ಪ ಇನ್ನಷ್ಟು ಹತ್ತಿರ ಸರಿದು ಹೇಳಿದ: "ಅವರ ಹತ್ರ ನಿನ್ನ ಕರ್ಕೊಂಡು ಹೋಗಿದ್ದು ನಾನು. ನಿಮ್ಮಪ್ಪಂಗೂ ನಿಂಗೂ ಮಧ್ಯೆ ಬಂದಿದ್ದು ನಾನು. ನನ್ನನ್ನ ಬಯ್ಯಿ."

ಅವನು ತಲೆಯಲ್ಲಾಡಿಸಿದ.

"ಬಯ್ಯೋ. ಒಳಗೆ ಇಟ್ಕೋಬೇಡ."

ಮೂರು ಸ್ವೆಟರ್ ಬಯ್ದ. ತನ್ನ ಭಾಷೆಯಲ್ಲಿ, ಮೊದಲು ಮೆಲ್ಲಗೆ, ಆಮೇಲೆ ಗಂಟಲು ಹರಿಯುವಂತೆ, ಅರ್ಧ ಗಂಟೆ. ನೆಲಕ್ಕೆ ಹೊಡೆದ. ಅಪ್ಪನ ಅಂಗಿ ಹಿಡಿದು ಜಗ್ಗಿದ. ಒಂದು ಶಬ್ದವೂ ಅರ್ಥವಾಗದ ಅಪ್ಪ, ಶಿಕ್ಷೆ ಓದಿ ಹೇಳುವುದನ್ನು ಕೇಳುವವನಂತೆ ಪ್ರತಿಯೊಂದಕ್ಕೂ ತಲೆದೂಗಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳಿಗೆ ಒಳಗೆ ಹೋಗಿ ಬಿಡಿಸಲು ಧೈರ್ಯವಾಗಲಿಲ್ಲ.

*

ಪಾಸ್ಟರ್ ಚೆನ್ನಾಗಿಯೇ ಮಾತಾಡಿದರು. ಅವರ ಕಣ್ಣಲ್ಲಿ ನೀರೂ ಬಂತು, ಅದು ಸುಳ್ಳೇನೂ ಆಗಿರಲಿಲ್ಲ. ಸಾಮಾನ್ಯ ಬಸ್ ಡ್ರೈವರನನ್ನು ದೇವರು ಹೇಗೆ ಬಳಸಿಕೊಂಡ ಎಂದರು. ತಾವಿಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಸೇವೆ ಮಾಡಿದೆವು ಎಂದರು. ಕೊನೆಯ ಬೆಂಚಿನ ಮಾತು ಬರಲಿಲ್ಲ. ವಿಶ್ರಾಂತಿಯ ಕಾಗದದ ಮಾತೂ ಬರಲಿಲ್ಲ. ಆಮೇಲೆ ಅವರ ಕಣ್ಣು ಎರಡನೆಯ ಸಾಲಿಗೆ ಬಿತ್ತು.

"ನಮ್ಮ ಸಹೋದರರ ಸೇವೆಯ ಫಲ ಇಲ್ಲೇ ನಮ್ಮ ನಡುವೆ ಇದೆ. ಎದ್ದು ನಿಲ್ಲಪ್ಪಾ. ಎಲ್ಲರೂ ನೋಡಲಿ."

ತಲೆಗಳೆಲ್ಲ ತಿರುಗಿದವು. ಮೂರು ಸ್ವೆಟರ್ ಮುಂದಿನ ಬೆಂಚಿನ ಅಂಚನ್ನು ಹಿಡಿದ.

"ಎದ್ದು ನಿಲ್ಲಬೇಡ," ಎಂದಳು ಮಗಳು.

ಮೆಲ್ಲಗೆ ಹೇಳಬೇಕೆಂದಿದ್ದಳು, ಇಡೀ ಚರ್ಚಿಗೆ ಕೇಳಿಸಿತು. ತಾನೇ ಎದ್ದು ನಿಂತಿರುವುದು ಆಮೇಲೆ ಅವಳಿಗೆ ಗೊತ್ತಾಯಿತು.

"ಮಗಳೇ, ದುಃಖದಲ್ಲಿದೀಯ..." ಪಾಸ್ಟರ್ ಕೈ ಚಾಚಿದರು.

"ದುಃಖ ಅಲ್ಲ ಪಾಸ್ಟರ್, ಸಿಟ್ಟು. ನನ್ನ ರೂಮು ಹನ್ನೊಂದು ವರ್ಷ ಬಿಟ್ಕೊಟ್ಟಿದೀನಿ. ಅಪ್ಪನ್ನೂ ಬಿಟ್ಕೊಟ್ಟಿದೀನಿ. ಅದಕ್ಕೆ ಅವನ ಮೇಲೂ ಸಿಟ್ಟಿದೆ, ಅದು ನಮ್ಮನೆ ವಿಷಯ. ಆದ್ರೆ ಅವನು ಯಾರನ್ನೂ ಎದ್ದು ನಿಲ್ಲಿಸಿ ತೋರಿಸ್ಲಿಲ್ಲ. ಮನೆಗೆ ಬಂದೋರನ್ನ ಕೂರಿಸ್ದ. ಇದೊಂದು ನಿಮಗೆ ಇಷ್ಟು ವರ್ಷ ಆದ್ರೂ ಅರ್ಥ ಆಗ್ಲಿಲ್ವಲ್ಲ. ಆ ಫೋಟೋ ಏನ್ ಮಾಡ್ತು ಅಂತ ಗೊತ್ತಿದ್ದೂ, ಇವತ್ತು, ಅವನ ಹೆಣದ ಮುಂದೆ, ಮತ್ತೆ ಅದನ್ನೇ ಹಂಚ್ತೀರಲ್ಲ!"

ಹಿಂದಿನ ಸಾಲಿನಲ್ಲಿ ಯಾರೋ "ಶ್, ಕೂತ್ಕೊಳ್ಳಮ್ಮ" ಎಂದರು.

"ಅವಳು ಮಾತಾಡ್ಲಿ ಬಿಡ್ರೀ!" ಎಂದಳು ಅತ್ತೆ, ತಿರುಗಿಯೂ ನೋಡದೆ.

ಆಗ ಮೂರು ಸ್ವೆಟರ್ ಎದ್ದ.

"ನಾನು ನಿಲ್ತೀನಿ ಅಕ್ಕ. ಅವರು ಹೇಳಿದ್ದಕ್ಕಲ್ಲ." ಪಾಸ್ಟರ್ ಕಡೆ ತಿರುಗಿದ. "ನಾನು ಈಗ್ಲೂ ನಂಬ್ತೀನಿ. ಅದು ನನ್ನದು, ಅದನ್ನ ಯಾರೂ ಕಿತ್ಕೊಳಕಾಗಲ್ಲ. ನಿಮ್ಮಿಂದ್ಲೂ ಆಗಲ್ಲ. ಆದ್ರೆ ನಿಮ್ಮ ಹಾಳೇಲಿ ಹತ್ತೊಂಬತ್ತು ಆತ್ಮ ಅಂತಿದೆ. ನನ್ನನ್ನ ತೆಗೀರಿ. ಹದಿನೆಂಟು ಅಂತ ಬರೀರಿ. ನಮ್ಮಪ್ಪ ಒಂದ್ಸಲ ನನ್ನನ್ನ ಎಣಿಕೆಯಿಂದ ತೆಗೆದ್ರು, ಅದಕ್ಕೆ ನೀವು ಕಾರಣ. ಈ ಸಲ ನಾನೇ ತೆಗೀತಿದೀನಿ."

ಪಾಸ್ಟರ್ ಮುಖ ಕೆಂಪಗಾಗಿತ್ತು. ಸಿಟ್ಟೋ ನಾಚಿಕೆಯೋ ಹೇಳುವಂತಿರಲಿಲ್ಲ. ಕೊನೆಗೆ, "ಸ್ತೋತ್ರ ಹಾಡೋಣ," ಎಂದರು.

ಯಾರ ಕೈಯಲ್ಲೂ ಹಾಳೆಯಿರಲಿಲ್ಲ. ಆರ್ಗನ್ ನುಡಿಸುವವಳು ಒಂದು ಸಾಲು ನುಡಿಸಿ ನಿಲ್ಲಿಸಿದಳು. ಅತ್ತೆ ಕೂತಲ್ಲಿಂದಲೇ ಶುರುಮಾಡಿದಳು. ಶ್ರುತಿ ಎಲ್ಲೋ, ತಾನೆಲ್ಲೋ. ಹಾಡಿನ ಎರಡನೆಯ ಸಾಲಿಗೆ ಅಪ್ಪನ ಜೊತೆ ಕೆಲಸ ಮಾಡಿದ ಡಿಪೋದವರು ಸೇರಿಕೊಂಡರು. ಅವರಿಗೆ ಮಾತು ಗೊತ್ತಿರಲಿಲ್ಲ, ರಾಗವನ್ನಷ್ಟೇ ಗುನುಗಿದರು.

ಹಾಡು ಮುಗಿದಾಗ ಬಿಳಿ ಕೈಗವಸು ಹಾಕಿದ ಆರು ಮಂದಿ ಹಿರಿಯರು ಪೆಟ್ಟಿಗೆಯ ಬಳಿ ಬಂದು ನಿಂತರು. ಕಾರ್ಯದರ್ಶಿಯೂ ಅವರಲ್ಲೊಬ್ಬರು.

"ನೀವು ಬಿಡಿ," ಎಂದಳು ಮಗಳು.

"ಅಮ್ಮಾ, ಇದು ಸಭೆಯ ಪದ್ಧತಿ..."

"ಕೈ ತೆಗೀರಿ ಅಂದೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಸರಿದರು. ಡಿಪೋದ ನಾಲ್ವರು ಬಂದು ನಡುವೆಯೂ ಹಿಂದೆಯೂ ನಿಂತರು. ಮುಂದೆ ಎಡಗಡೆ ಅವಳು, ಬಲಗಡೆ ಮೂರು ಸ್ವೆಟರ್. ಎತ್ತಿ ಹೆಗಲಿಗಿಟ್ಟುಕೊಂಡ ಕ್ಷಣವೇ ಪೆಟ್ಟಿಗೆ ವಾಲಿತು. ಅವಳ ತಲೆ ಅವನ ಹೆಗಲಿಗೂ ಬರುತ್ತಿರಲಿಲ್ಲ. ಭಾರವೆಲ್ಲ ಅವಳ ಕಡೆಗೇ ಜಾರಿ, ಕೊರಳ ನರ ಉಬ್ಬಿ, ಅವಳು ಹಲ್ಲು ಕಚ್ಚಿದಳು. ಬಿಡು, ಬೇರೆಯವರು ಹಿಡಿಯಲಿ ಎಂದು ಯಾರೋ ಅಂದರು. ಅವಳು ಬಿಡಲಿಲ್ಲ.

ಮೂರು ಸ್ವೆಟರ್ ಅವಳ ಕಡೆ ನೋಡಿದ. ಆಮೇಲೆ ಮಂಡಿಗಳನ್ನು ಬಗ್ಗಿಸಿದ, ತನ್ನ ಹೆಗಲು ಅವಳ ಹೆಗಲಿನ ಮಟ್ಟಕ್ಕೆ ಇಳಿಯುವವರೆಗೆ. ಪೆಟ್ಟಿಗೆ ನೆಟ್ಟಗಾಯಿತು. ಬಾಗಿಲು ದಾಟಿ, ಮೆಟ್ಟಿಲಿಳಿದು, ಜಲ್ಲಿ ಹಾಸಿದ ಉದ್ದನೆಯ ದಾರಿಯಲ್ಲಿ, ಹೊಸದಾಗಿ ತೋಡಿದ ಮಣ್ಣಿನ ಗುಡ್ಡೆಯವರೆಗೂ ಅವನು ಹಾಗೆಯೇ ನಡೆದ, ಅರ್ಧ ಕೂತವನಂತೆ, ತೊಡೆಗಳು ಥರಥರ ನಡುಗುತ್ತಿದ್ದರೂ ಒಂದು ಹೆಜ್ಜೆಯೂ ಮೇಲೇಳದೆ.