ಬಸ್ ಓಡಿಸುತ್ತಿದ್ದ ಜಡ್ಜಮ್ಮ

ಚುನಾವಣೆಯ ಕರಪತ್ರದಲ್ಲಿ ಬಸ್ಸಿನ ವಿಷಯ ಬೇಡವೆಂದು ನಾನು ಬಡಕೊಂಡೆ. ನನ್ನ ಹೆಂಡತಿ ನೆಲ್ಡಾ ಕೇಳಬೇಕಲ್ಲ.

"'ಸಾರ್ವಜನಿಕ ಸೇವೆ' ಅಂತ ಹಾಕಿದ್ರೆ ಸಾಕು ಕಣೇ. ಅದ್ರಲ್ಲಿ ಎಲ್ಲಾ ಬಂತು."

"ಬಸ್ ಓಡಿಸಿದ್ದೇನು ಕಳ್ಳತನವಾ, ರಾಯ್ಸ್? ಇದ್ದದ್ದನ್ನ ಇದ್ದ ಹಾಗೇ ಹಾಕು."

ಹಾಗಾಗಿ ನಮ್ಮ ಕರಪತ್ರದಲ್ಲಿ 'ಶಾಲಾ ಬಸ್ ಚಾಲಕಿ, ಆಮೇಲೆ ನ್ಯಾಯಾಧೀಶೆ' ಎಂದೇ ಅಚ್ಚಾಯಿತು. ಎದುರಾಳಿ ಕೋಲ್ಬಿ ಸ್ಟ್ರೌಡ್‌ನ ಕರಪತ್ರದಲ್ಲಿ ಕಾನೂನು ಪದವಿ, ಆಸ್ಟಿನ್‌ನಲ್ಲಿ ವಕೀಲಿಕೆ, ಕೋಟು ಟೈ ಹಾಕಿದ ಫೋಟೊ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಪಶ್ಚಿಮ ಟೆಕ್ಸಸ್‌ನ ನಮ್ಮ ಕೌಂಟಿಯಲ್ಲಿ ಸಣ್ಣ ಕೋರ್ಟಿನ ಜಡ್ಜ್ ಆಗಲು ಕಾನೂನು ಓದಿರಬೇಕೆಂದಿಲ್ಲ, ಜನ ಓಟು ಹಾಕಿದರಾಯಿತು. ಜೋರಾಗಿ ಕಾರು ಓಡಿಸಿದವರಿಗೆ ದಂಡ, ಬಾಡಿಗೆ ಜಗಳ, ಮದುವೆ ಮಾಡಿಸುವುದು. ಜೊತೆಗೆ, ಯಾರಾದರೂ ಮನೆಯಲ್ಲಿ ಒಬ್ಬರೇ ಸತ್ತರೆ ಹೇಗೆ ಸತ್ತರೆಂದು ವಿಚಾರಿಸಿ ಬರೆದುಕೊಡುವ ಕೆಲಸವೂ ಜಡ್ಜ್‌ದೇ. ಕೋರ್ಟಿಗೆ ಬರುವ ಅರ್ಧ ಜನ ನೆಲ್ಡಾಳ ಬಸ್ಸಿನಲ್ಲಿ ಶಾಲೆಗೆ ಹೋದವರು. ಚಿಕ್ಕಂದಿನಲ್ಲಿ ಚೇಷ್ಟೆ ಮಾಡಿ, ಶಿಕ್ಷೆಯಾಗಿ ಡ್ರೈವರ್ ಹಿಂದಿನ ಸೀಟಿಗೆ ಬಂದು ಕೂರುತ್ತಿದ್ದವರು, ಗಡ್ಡ ನರೆತ ಮೇಲೂ, ಯಾರೂ ಹೇಳದೆ ಕೋರ್ಟಿನ ಮುಂದಿನ ಬೆಂಚಿಗೇ ಬಂದು ಕೂರುತ್ತಾರೆ.

ಅಕ್ಟೋಬರಿನಲ್ಲಿ ಚರ್ಚಿನ ಹಾಲ್‌ನಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ಕೋಲ್ಬಿ ಎದ್ದು ನಿಂತ.

"ಮಿಸ್, ಗೌರವ ಇಟ್ಕೊಂಡೇ ಕೇಳ್ತಿದೀನಿ," ಎಂದ. ಬಸ್ಸಿನ ಮಕ್ಕಳು ಕರೆಯುತ್ತಿದ್ದ ಹಾಗೆ 'ಮಿಸ್' ಎಂದದ್ದಕ್ಕೆ ಜನ ನಕ್ಕರು. "ಒಬ್ಬರ ಸಾವಿನ ಬಗ್ಗೆ ಕಾನೂನು ಪ್ರಕಾರ ತೀರ್ಮಾನ ಬರೀಬೇಕು ಅಂದ್ರೆ ಅದಕ್ಕೊಂದು ತಯಾರಿ ಬೇಕಲ್ವಾ? ನಿಮ್ಮ ತಯಾರಿ ಏನು?"

"ಬಸ್ ಓಡಿಸ್ತಿದ್ದೆ ಕಣಪ್ಪ. ನೀನೂ ಅದ್ರಲ್ಲೇ ಬರ್ತಿದ್ದೆ."

ಜನ ಮತ್ತೆ ನಕ್ಕರು. ಆದರೆ ಕೊನೆಯಲ್ಲಿ ಚಪ್ಪಾಳೆ ಜೋರಾಗಿ ಬಿದ್ದದ್ದು ಅವನಿಗೇ. ನಾನು, ನೆಲ್ಡಾ ಗಾಡಿಯಲ್ಲಿ ವಾಪಸ್ ಹೊರಟೆವು. ಮನೆ ಹತ್ತಿರ ಬಂದಾಗ, "ಈ ಕೆಲಸ ನಂಗೆ ಇಷ್ಟ ರಾಯ್ಸ್, ಬಿಟ್ಟುಕೊಡೋಕೆ ಮನಸ್ಸಿಲ್ಲ," ಎಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಬೇಕೆಂದದ್ದು ಅಪರೂಪ.

ನಮಗೆ ಉಳಿದಿದ್ದ ಒಂದೇ ಆಸೆ ದನ ಸಾಕುವವರ ಸಂಘದ ಶನಿವಾರದ ಔತಣ. ಅವರ ಓಟು ಬಿದ್ದರೆ ಗೆದ್ದ ಹಾಗೆ. ಅದೇ ಶನಿವಾರ ಮಧ್ಯಾಹ್ನ ಪೊಲೀಸರ ಫೋನು ಬಂತು. ಕೋಲ್ಬಿಯ ಅಪ್ಪ ಹಾಲಿಸ್ ತೀರಿಕೊಂಡಿದ್ದ.

ಫೋನಿನಲ್ಲೇ ವಿವರ ಕೇಳಿ ಕೆಲಸ ಮುಗಿಸಲು ಕಾನೂನು ಬಿಡುತ್ತದೆ. ಆದರೂ ನೆಲ್ಡಾ ಹೋಗಿಯೇ ಹೋದಳು, ನಾನೇ ಗಾಡಿ ಓಡಿಸಿದೆ. ಹಾಲಿಸ್ ಜಗಲಿಯ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದ. ಹೃದಯದ ಕಾಯಿಲೆ ಮೊದಲೇ ಇತ್ತು. ನೆಲ್ಡಾ ಅವನ ವೈದ್ಯರ ಜೊತೆ ಮಾತಾಡಿದಳು, ಬರೆದಳು, ಸಹಿ ಹಾಕಿದಳು. ಪೊಲೀಸಿನವನು ಹೊರಟುಹೋದ. ಹೆಣ ಒಯ್ಯುವ ವ್ಯಾನಿನವನು ಬಂದಾಗ, "ಸ್ವಲ್ಪ ಕಾಯಪ್ಪಾ, ಮಗ ಬರ್ಲಿ," ಎಂದು ಕುರ್ಚಿ ಎಳೆದುಕೊಂಡು ಹಾಲಿಸ್ ಪಕ್ಕ ಕೂತಳು. ಕೋಲ್ಬಿ ದೂರದ ಮಿಡ್‌ಲ್ಯಾಂಡ್‌ನಿಂದ ಬರಬೇಕಿತ್ತು.

"ಔತಣ ತಪ್ಪಿಹೋಗತ್ತೆ ಕಣೇ. ಹಾಲಿಸ್ ಇನ್ನು ಎಲ್ಲಿಗೂ ಹೋಗಲ್ಲ," ಎಂದೆ.

"ಚಿಕ್ಕ ಮಕ್ಕಳನ್ನ ಇಳಿಸೋವಾಗ, ಮನೆಯವ್ರು ಗೇಟಿಗೆ ಬರೋವರೆಗೂ ನಾನು ಬಸ್ ತೆಗೀತಿರ್ಲಿಲ್ಲ, ಗೊತ್ತಾ? ಕೋಲ್ಬಿಗೆ ತಾಯಿ ಇಲ್ಲ. ಈ ಹಾಲಿಸ್ ದಿನಾ ಲೇಟು, ದನದ ಹಿಂದೆ ಎಲ್ಲೋ ಇರ್ತಿದ್ದ. ಬಸ್ಸಿನ ಮಕ್ಕಳೆಲ್ಲ ಶಾಪ ಹಾಕೋರು. ಕೋಲ್ಬಿ ತಲೆ ತಗ್ಗಿಸ್ಕೊಂಡು ಮೆಟ್ಟಿಲ ಮೇಲೆ ಕೂತಿರ್ತಿದ್ದ. ಆದ್ರೂ ಕಾಯ್ತಿದ್ದೆ. ಇವತ್ತು ಮಗ ಲೇಟು, ಅಷ್ಟೇ."

ಅವಳು ಹಾಲಿಸ್‌ಗೆ ಈ ವರ್ಷದ ಮಳೆ, ಹುಲ್ಲಿನ ಸಮಾಚಾರ ಹೇಳುತ್ತ ಕೂತಳು.

ಔತಣದ ಹೊತ್ತು ಮೀರಿ, ಬಿಸಿಲು ಇಳಿಯುವಾಗ ಕೋಲ್ಬಿಯ ಕಾರು ಬಂತು. ಇಳಿದವನು ಗೇಟಿನಲ್ಲೇ ನಿಂತುಬಿಟ್ಟ. ನೆಲ್ಡಾ ಹೋಗಿ ಅವನ ಕೈ ಹಿಡಿದುಕೊಂಡಳು.

"ಬಾ. ಅಪ್ಪ ಇಲ್ಲೇ ಇದಾನೆ."

"ಮಿಸ್, ನಾನು ಲೇಟಾದೆ."

"ಬಂದ್ಯಲ್ಲ ಮಗಾ."

ಅಷ್ಟೆತ್ತರದ ಗಂಡಸು ಅವಳ ಭುಜದ ಮೇಲೆ ತಲೆಯಿಟ್ಟು ಅತ್ತ. ನನಗೂ ತಡೆಯಲಾಗಲಿಲ್ಲ, ವ್ಯಾನಿನವನ ಹತ್ತಿರ ಹೋಗಿ ನಿಂತೆ.

ಮಾರನೆಯ ದಿನವೇ ಇದನ್ನು ಊರಿಗೆಲ್ಲ ಸಾರಬೇಕೆಂದು ನಾಲಿಗೆ ತುರಿಸಿತು. ನೆಲ್ಡಾ ನನ್ನ ಮುಖ ನೋಡಿಯೇ ಕಂಡುಹಿಡಿದಳು. "ಆ ಹುಡುಗನ ಅಳು ನಮ್ಮ ಪ್ರಚಾರಕ್ಕಲ್ಲ. ಬಾಯಿಬಿಟ್ರೆ ನೋಡು." ಹೊಟ್ಟೆಯಲ್ಲಿ ಮಾತು ನಿಲ್ಲದ ನಾನೂ ನುಂಗಿಕೊಂಡೆ.

ಅವಳು ಸೋತಳು. ಸ್ವಲ್ಪದರಲ್ಲೇ ಸೋತಳು, ಅದೇ ಹೆಚ್ಚು ಉರಿಯಿತು. ಅಪ್ಪನ ಪಕ್ಕ ಅವಳು ಕಾದು ಕೂತದ್ದರ ಬಗ್ಗೆ ಕೋಲ್ಬಿ ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಉಂಡ ಮನೆಗೆ ಎರಡು ಬಗೆಯುವವನು ಎಂದು ನಾನು ಅವನಿಗೆ ಹೆಸರಿಟ್ಟೆ. ನೆಲ್ಡಾ ಕೋರ್ಟಿನ ಕಪ್ಪು ಗೌನನ್ನು ಒಗೆದು, ಇಸ್ತ್ರಿ ಮಾಡಿ, ಕಪಾಟಿಗೆ ಸೇರಿಸಿದಳು. ಅವತ್ತು ಅವಳು ಅತ್ತದ್ದು ನನಗೆ ಗೊತ್ತು.

ಜನವರಿಯಲ್ಲಿ ಕೋಲ್ಬಿ ಪ್ರಮಾಣವಚನ ತೆಗೆದುಕೊಂಡ. ಆ ತಿಂಗಳೇ ಒಂದು ಮಧ್ಯಾಹ್ನ, ನಾವು ಊಟಕ್ಕೆ ಕೂತಿದ್ದಾಗ, ಅವನ ಫೋನು ಬಂತು. ನೆಲ್ಡಾ ಸ್ಪೀಕರ್ ಒತ್ತಿದಳು.

"ಮಿಸ್, ವಿಲ್ಮಾ ಅಜ್ಜಿ ಹೋಗಿಬಿಟ್ರು. ಬರೆಯೋದೆಲ್ಲ ಮುಗೀತು. ಮಗಳು ಎಲ್ ಪಾಸೊದಿಂದ ಹೊರಟಿದ್ದಾಳಂತೆ, ಬರೋಕೆ ಸಂಜೆ ಆಗತ್ತೆ. ನಾನು ಇಲ್ಲೇ ಕೂತಿದೀನಿ." ಆಮೇಲೆ ಕೇಳಿದ. "ಸುಮ್ನೆ ಕೂತಿರೋದಾ, ಇಲ್ಲ ಏನಾದ್ರೂ ಮಾತಾಡ್ಬೇಕಾ?"

ನೆಲ್ಡಾಳ ಕಣ್ಣು ತುಂಬಿತು. "ಮಾತಾಡಪ್ಪ. ನಾನಂತೂ ಮಾತಾಡ್ತಿದ್ದೆ."

"ಏನ್ ಮಾತಾಡ್ಲಿ?"

ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ನನ್ನ ಚಮಚ ಕೆಳಗಿಟ್ಟೆ.

"ಮಾತು ಆಮೇಲೆ," ಎಂದೆ. "ಊಟ ಆಯ್ತಾ ಕೇಳು ಅವನನ್ನ."